ಕೂಗುವುದು ಪಂಪು, ನೋವು ಇನ್ನೆಲ್ಲೋ

ಹುಮನಾಬಾದಿನಿಂದ ನಾಲ್ಕು ದಿಕ್ಕಿಗೆ ದೊಡ್ಡ ರಸ್ತೆಗಳು ಹೊರಡುತ್ತವೆ. ಒಂದು ಹೈದರಾಬಾದಿಗೆ, ಒಂದು ಸೊಲ್ಲಾಪುರಕ್ಕೆ, ಒಂದು ಬೀದರಿಗೆ, ಇನ್ನೊಂದು ಕಲಬುರಗಿಗೆ. ಆ ಕೂಡುರಸ್ತೆಯಲ್ಲಿ ಲಾರಿಗಳ ನಡುವೆ ಹೊರಳಬೇಕಾದಾಗ ನನ್ನ ಹಳೆಯ ಕಾಂಟೆಸ್ಸಾದ ಬಾನೆಟ್ಟಿನೊಳಗಿಂದ, ಕಟ್ಟಿಹಾಕಿದ ಕರು ತಾಯಿಯನ್ನು ಕರೆದಂತೆ ಒಂದು ಸದ್ದು ಏಳುತ್ತಿತ್ತು. ಸ್ಟೀರಿಂಗ್ ಹೆಚ್ಚು ತಿರುಗಿಸಿದಷ್ಟೂ ಕೂಗು ಜೋರು. ಚಹದಂಗಡಿಯ ಮುಂದೆ ನಿಂತವರು ತಿರುಗಿ ನೋಡುವರು. ಅವರಲ್ಲಿ ಗಾಡಿ ಬಲ್ಲವರೊಬ್ಬರು ಇದ್ದೇ ಇರುವರು. ತೀರ್ಪೂ ಒಂದೇ: “ಪಂಪ್ ಹೋಗ್ಯಾದ ರೀ, ಬದಲಿ ಮಾಡಿಬಿಡ್ರಿ.”

ಬದಲಿ ಮಾಡುವುದೇನೋ ಸರಿ, ಎಲ್ಲಿಂದ ತರುವುದು? ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಶುರುಮಾಡಿದ ಕಾಂಟೆಸ್ಸಾ ತಯಾರಿಕೆ 2002ಕ್ಕೆ ನಿಂತುಹೋಯಿತು. 2014ರಲ್ಲಿ ಅದೇ ಕಾರ್ಖಾನೆಯ ಅಂಬಾಸಿಡರ್ ಕೂಡ ನಿಂತಿತು. ಮೇಲಾಗಿ ನನ್ನ ಗಾಡಿಗೆ ಪವರ್ ಸ್ಟೀರಿಂಗ್ ಹಾಕಿಸಿದವರು ಹಿಂದಿನ ಮಾಲೀಕರು. ಅದು ಯಾವ ಗಾಡಿಯಿಂದ ಬಿಚ್ಚಿ ತಂದ ಪಂಪು ಎಂಬುದು ಅವರಿಗೂ ನೆನಪಿರಲಿಲ್ಲ. ಹಾಗಾಗಿ ನಾನು ಮಾಡಿದ್ದು ಎಲ್ಲ ಸೋಮಾರಿಗಳೂ ಮಾಡುವ ಕೆಲಸ. ಎಣ್ಣೆ ಕಡಿಮೆಯಾದಾಗ ಮೇಲಿಂದ ಸುರಿಯುವುದು, ಕೂಗಿದಾಗ ರೇಡಿಯೊ ಜೋರು ಮಾಡುವುದು. ಹೀಗೇ ನಾಲ್ಕು ತಿಂಗಳು ಕಳೆದವು. ಕೊನೆಗೊಂದು ಬೆಳಿಗ್ಗೆ ಸ್ಟೀರಿಂಗ್ ಬೀಸುವ ಕಲ್ಲಿನಷ್ಟು ಬಿಗಿಯಾದಾಗ ಗಾಡಿಯನ್ನು ಬಸವಕಲ್ಯಾಣದ ಕಡೆ ಹೊರಳಿಸಿದೆ.

ಹೆದ್ದಾರಿ ಮಗ್ಗುಲಿನ ಕಲ್ಯಾಣ

ಹೊರಗಿನಿಂದ ಬರುವವರು ಸಸ್ತಾಪುರ ಬಂಗ್ಲಾದಲ್ಲಿ ಬಸ್ಸಿಳಿದು, ಕೋಟೆ ಮತ್ತು ಅನುಭವ ಮಂಟಪ ನೋಡಲು ಊರೊಳಗೆ ಹೋಗುತ್ತಾರೆ. ಲಾರಿಯವರು ಅಷ್ಟು ದೂರ ಹೋಗುವುದಿಲ್ಲ. ಅವರ ಕಲ್ಯಾಣ ಹೆದ್ದಾರಿಯ ಮಗ್ಗುಲಲ್ಲೇ ಇದೆ, ಅದರ ಹೆಸರು ಆಟೊ ನಗರ. ಪುಣೆಯಿಂದ ಹೊರಟು ಸೊಲ್ಲಾಪುರ, ಹೈದರಾಬಾದು, ವಿಜಯವಾಡ ದಾಟಿ ಮಚಲೀಪಟ್ಟಣದ ಕಡಲಿಗೆ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 65, ಹಳೆಯ ಡ್ರೈವರುಗಳ ಬಾಯಲ್ಲಿ ಇನ್ನೂ ‘ನಂಬರ್ 9’. ಈ ರಸ್ತೆಯೇ ಇಲ್ಲಿನವರನ್ನು ಲಾರಿ ಮಾಲೀಕರನ್ನಾಗಿ, ಡ್ರೈವರುಗಳನ್ನಾಗಿ, ಮಿಸ್ತ್ರಿಗಳನ್ನಾಗಿ ಮಾಡಿದ್ದು. ತಾಲ್ಲೂಕು ಕೇಂದ್ರವಾದರೂ ಬಸವಕಲ್ಯಾಣಕ್ಕೆ ಸ್ವಂತ ನೋಂದಣಿ ಸಂಖ್ಯೆ ಇದೆ, ಕೆಎ-56. ಆ ಫಲಕ ಹೊತ್ತ ಲಾರಿಗಳು ದೂರದ ರಾಜ್ಯಗಳ ಢಾಬಾಗಳ ಮುಂದೆಯೂ ನಿಂತಿರುತ್ತವೆ.

ಇಲ್ಲಿನ ಕೆಲಸದ ಹಂಚಿಕೆ ಹಳೆಯ ಪೇಟೆಬೀದಿಗಳ ಹಾಗೆ. ಬಾಡಿ ಕಟ್ಟುವವರು ಬೇರೆ, ಪಾಟಾ ಕಟ್ಟುವವರು ಬೇರೆ, ರೇಡಿಯೇಟರಿನವರು ಬೇರೆ, ಡೀಸೆಲ್ ಪಂಪಿನವರು ಬೇರೆ, ಸ್ಟೀರಿಂಗ್ ಬಾಕ್ಸ್ ಬಿಚ್ಚುವವರೇ ಬೇರೆ. ಲಾರಿಯ ಮುಂದಿನ ಅಚ್ಚಿನ ಮೇಲೆ ಆರೇಳು ಟನ್ ಭಾರ ಕೂತಿರುತ್ತದೆ. ಅದನ್ನು ಪಂಪಿನ ಸಹಾಯವಿಲ್ಲದೆ, ತೋಳಿನ ಬಲದಿಂದಲೇ ತಿರುಗಿಸಿ ಬೆಳೆದ ತಲೆಮಾರು ಇಲ್ಲಿ ಇನ್ನೂ ಇದೆ. ಹಳೆಯ ಲಾರಿಗಳ ಸ್ಟೀರಿಂಗ್ ಚಕ್ರ ರೊಟ್ಟಿ ತಟ್ಟುವ ಕೊಣಮಿಗೆಗಿಂತ ಅಗಲವಾಗಿರುತ್ತಿದ್ದುದು ಶೋಕಿಗಲ್ಲ, ಸನ್ನೆಗೋಲಿನ ಲೆಕ್ಕಕ್ಕೆ. ಹೆಚ್ಚು ಅಗಲ, ಹೆಚ್ಚು ಹಿಡಿತ.

ನಾನು ಹೋಗಿ ನಿಂತ ಉಸ್ತಾದರು ಲಾರಿ ಸ್ಟೀರಿಂಗಿನವರು. ಕಾರು ನೋಡಿ ನಕ್ಕರು. ಆದರೆ ಬಾನೆಟ್ ಎತ್ತಲಿಲ್ಲ. ಮುಂದಿನ ಎಡ ಚಕ್ರಕ್ಕೆ ಕಾಲಿನಿಂದ ಒಂದು ಒದ್ದರು.

“ಸರ್, ಮೊದಲ ಗಾಳಿ ನೋಡ್ರಿ. ಆಮ್ಯಾಲ ಪಂಪಿಗಿ ಬೈರಿ.”

ಮೂವತ್ತು ಪೌಂಡು ಇರಬೇಕಾದಲ್ಲಿ ಹದಿನೆಂಟು ಇತ್ತು. ನನ್ನ ಪಾಠ ಅಲ್ಲಿಂದ ಶುರುವಾಯಿತು.

ಪಂಪನ್ನು ಕಡೆಗೆ ಮುಟ್ಟು

ಆ ದಿನ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ಈ ಕ್ರಮದಲ್ಲೇ ಅರ್ಧ ರಿಪೇರಿ ಇದೆ. ಸ್ಟೀರಿಂಗ್ ಬಿಗಿಯಾದರೆ ಮೊದಲು ಮುಂದಿನ ಎರಡೂ ಚಕ್ರಗಳ ಗಾಳಿ ನೋಡಬೇಕು. ಗಾಳಿ ಕಡಿಮೆಯಾದ ಟೈರು ನೆಲವನ್ನು ಹೆಚ್ಚು ಅಗಲಕ್ಕೆ ಅಪ್ಪಿಕೊಳ್ಳುತ್ತದೆ. ಅದನ್ನು ತಿರುಚಲು ಎಷ್ಟು ಒಳ್ಳೆಯ ಪಂಪಾದರೂ ಒದ್ದಾಡುತ್ತದೆ.

ಎರಡನೆಯದು, ಎಂಜಿನ್ ಬಂದ್ ಮಾಡಿ ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೈಯಿಂದ ಸ್ಟೀರಿಂಗ್ ತಿರುಗಿಸಿ ನೋಡಬೇಕು. ಚಕ್ರ ನೆಲ ಬಿಟ್ಟಿರುವಾಗ ಅದು ಅತ್ತಿತ್ತ ಸಮನಾಗಿ ಓಡಬೇಕು. ಆಗಲೂ ಬಿಗಿಯಾಗಿದ್ದರೆ ತಪ್ಪು ಪಂಪಿನದಲ್ಲ. ಬಾಲ್ ಜಾಯಿಂಟು ತುಕ್ಕು ಹಿಡಿದಿರಬಹುದು, ಕಾಲಮ್ಮಿನ ಕೆಳಗಿನ ಕ್ರಾಸ್ ಒಣಗಿರಬಹುದು, ರ್‍ಯಾಕ್ ಬಾಗಿರಬಹುದು. ತಿರುವು ಮುಗಿಸಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದಿದ್ದರೂ ಮೊದಲ ಸಂಶಯ ಇವುಗಳ ಮೇಲೆಯೇ. ಬರೀ ಒಂದು ಕಡೆಗೆ ತಿರುಗಿಸುವಾಗ ಬಿಗಿ, ಇನ್ನೊಂದು ಕಡೆಗೆ ಸಲೀಸು ಎಂದಾದರೆ ದೋಷ ಸಾಮಾನ್ಯವಾಗಿ ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಹಂಚುವ ಸ್ಟೀರಿಂಗ್ ಗೇರಿನ ವಾಲ್ವಿನಲ್ಲಿ. ಪಂಪಿಗೆ ಎಡಬಲ ಗೊತ್ತಿಲ್ಲ. ಅದು ಎಣ್ಣೆ ತಳ್ಳುತ್ತದೆ, ಅಷ್ಟೆ.

ಮೂರನೆಯದು ಬೆಲ್ಟು. ಇಲ್ಲಿನವರ ಮಾತಿನಲ್ಲಿ ಪಟ್ಟಾ. ಎರಡು ಪುಲ್ಲಿಗಳ ನಡುವೆ ಉದ್ದವಾದ ಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ಬಗ್ಗಬೇಕು. ಹೆಚ್ಚು ಬಗ್ಗಿದರೆ ಜಾರುತ್ತದೆ, ಬಗ್ಗದೇ ಇದ್ದರೆ ಪಂಪಿನ ಬೇರಿಂಗನ್ನು ಒಂದೇ ಕಡೆ ಎಳೆದು ತಿನ್ನುತ್ತದೆ. ಪಟ್ಟಾದ ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಾಯಿಸಬೇಕು. ನನ್ನದು ಹೊಳೆಯುತ್ತಿತ್ತು.

ನಾಲ್ಕನೆಯದು ಎಣ್ಣೆ. ಡಬ್ಬಿಯ ಮುಚ್ಚಳ ತೆಗೆದ ಉಸ್ತಾದರು ಬೆರಳು ಅದ್ದಿ, ಬಿಸಿಲಿಗೆ ಹಿಡಿದು, ಆಮೇಲೆ ಮೂಸಿದರು. ಎಣ್ಣೆ ಎಷ್ಟಿದೆ ಎಂಬುದಕ್ಕಿಂತ ಹೇಗಿದೆ ಎಂಬುದು ಮುಖ್ಯ. ಕೆಂಪಗೆ ತಿಳಿಯಾಗಿದ್ದರೆ ಚೆನ್ನ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕಾದು ಸತ್ತಿದೆ. ಬೆರಳಿಗೆ ಬೆಳ್ಳಿ ಪುಡಿಯಂತೆ ಮಿಂಚು ಹತ್ತಿದರೆ ಒಳಗೆ ಕಬ್ಬಿಣ ಸವೆಯುತ್ತಿದೆ. ಸ್ಟ್ರಾಬೆರಿ ಹಾಲಿನಂತೆ ನೊರೆನೊರೆಯಾಗಿದ್ದರೆ ಎಲ್ಲಿಂದಲೋ ಗಾಳಿ ಸೇರಿದೆ. ನನ್ನ ಡಬ್ಬಿಯಲ್ಲಿ ಕೊನೆಯ ಎರಡೂ ಇದ್ದವು, ನೊರೆ ಮತ್ತು ಮಿಂಚು.

“ಒಂದು ಕಳ್ಳ, ಇನ್ನೊಂದು ಕಳವು,” ಎಂದರು ಉಸ್ತಾದರು. ಅದರ ಅರ್ಥ ನನಗೆ ಹೊಳೆದದ್ದು ಆಮೇಲೆ.

ಡಬ್ಬಿಯೊಳಗಿನ ಸಾವಿರ ಪೌಂಡು

ಮುಂದಕ್ಕೆ ಹೋಗುವ ಮೊದಲು ಈ ಪಂಪು ಮಾಡುವ ಕೆಲಸವೇನು ಎಂದು ತಿಳಿದುಕೊಳ್ಳೋಣ. ಸ್ಟೀರಿಂಗಿಗೆ ಎಣ್ಣೆಯ ಒತ್ತಡದಿಂದ ಸಹಾಯ ಕೊಡುವ ಉಪಾಯವನ್ನು 1920ರ ದಶಕದಲ್ಲಿ ಕೆಲಸ ಮಾಡಿ ತೋರಿಸಿದವರು ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಎಂಜಿನಿಯರ್. ಭಾರವಾದ ಲಾರಿಗಳನ್ನು ತಿರುಗಿಸುವ ಕಷ್ಟ ನೋಡಿಯೇ ಅವರಿಗೆ ಅದು ಹೊಳೆದದ್ದು. ಮಾರಾಟದ ಕಾರಿಗೆ ಅದು ಬರಲು 1951ರವರೆಗೆ ಕಾಯಬೇಕಾಯಿತು. ಆ ವರ್ಷದ ಕ್ರೈಸ್ಲರ್ ಇಂಪೀರಿಯಲ್ ಅದನ್ನು ಹೊತ್ತು ಬಂದ ಮೊದಲ ಕಾರು. ಲಾರಿಯ ಸಂಕಟದಿಂದ ಹುಟ್ಟಿ ಕಾರಿನ ಸುಖವಾದ ವಸ್ತು ಇದು. ಅದನ್ನು ರಿಪೇರಿಗೆ ಲಾರಿ ಮಿಸ್ತ್ರಿಯ ಬಳಿ ಒಯ್ದದ್ದು ಒಂದು ರೀತಿಯಲ್ಲಿ ತವರಿಗೆ ಕರೆತಂದಂತೆ.

ಪಂಪಿನ ನಡುವೆ ಒಂದು ಉಕ್ಕಿನ ಬಿಲ್ಲೆ. ಅದರ ಸುತ್ತ ಸೀಳುಗಳು. ಒಂದೊಂದು ಸೀಳಿನಲ್ಲೂ ಉಗುರಿನಗಲದ ಒಂದೊಂದು ಉಕ್ಕಿನ ಎಲೆ, ಸಾಮಾನ್ಯವಾಗಿ ಹತ್ತು. ಬಿಲ್ಲೆ ತಿರುಗಿದಾಗ ಎಲೆಗಳು ಹೊರಕ್ಕೆ ಚಿಮ್ಮಿ ಸುತ್ತಲಿನ ಬಳೆಯ ಗೋಡೆಯನ್ನು ಸವರಿಕೊಂಡು ಓಡುತ್ತವೆ. ಆ ಬಳೆ ಹೊರಗಿನಿಂದ ದುಂಡಗಿದ್ದರೂ ಒಳಗೆ ಮೊಟ್ಟೆಯಾಕಾರ. ಹಾಗಾಗಿ ಎರಡು ಎಲೆಗಳ ನಡುವಿನ ಜಾಗ ಒಮ್ಮೆ ಹಿಗ್ಗಿ ಡಬ್ಬಿಯಿಂದ ಎಣ್ಣೆ ಹೀರಿಕೊಳ್ಳುತ್ತದೆ, ಮತ್ತೆ ಕುಗ್ಗಿ ಅದನ್ನು ಹಿಂಡಿ ಪೈಪಿಗೆ ತಳ್ಳುತ್ತದೆ. ಬಿಲ್ಲೆ ಒಂದು ಸುತ್ತು ಬರುವಷ್ಟರಲ್ಲಿ ಇದು ಎರಡು ಬಾರಿ ನಡೆಯುತ್ತದೆ.

ಕಾರಿನ ಟೈರಿಗೆ ಮೂವತ್ತು ಪೌಂಡು ಗಾಳಿ ಹಾಕಿಸುತ್ತೇವಲ್ಲ, ಈ ಅಂಗೈ ಗಾತ್ರದ ಪಂಪಿನೊಳಗೆ ಪೂರ್ತಿ ತಿರುವಿನಲ್ಲಿ ಏಳುವ ಒತ್ತಡ ಅದೇ ಅಳತೆಯಲ್ಲಿ ಸಾವಿರ ಪೌಂಡು ದಾಟುತ್ತದೆ. ಲಾರಿಯಲ್ಲಿ ಅದಕ್ಕೂ ಹೆಚ್ಚು. ಅಷ್ಟು ಒತ್ತಡ ಹಿಡಿದಿಡುವುದು ರಬ್ಬರಲ್ಲ, ಎಲೆಯ ತುದಿಗೂ ಬಳೆಯ ಗೋಡೆಗೂ ನಡುವೆ ಇರುವ ಕೂದಲಿಗಿಂತ ತೆಳುವಾದ ಎಣ್ಣೆಯ ಪದರ. ಆ ಪದರದೊಳಗೆ ಒಂದು ಗಾಳಿಗುಳ್ಳೆ ಬಂತೆನ್ನಿ. ಅಲ್ಲಿ ಎಣ್ಣೆ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಒತ್ತಡದ ಕಡೆಗೆ ಹೋಗುತ್ತಲೇ ಗುಳ್ಳೆ ಒಡೆದು ಸಣ್ಣ ಸುತ್ತಿಗೆಯಂತೆ ಗೋಡೆಗೆ ಹೊಡೆಯುತ್ತದೆ. ನನ್ನ ಬಾನೆಟ್ಟಿನಡಿ ಕರುವಿನಂತೆ ಕೂಗುತ್ತಿದ್ದದ್ದು ಒಡೆಯುತ್ತಿದ್ದ ಆ ಗುಳ್ಳೆಗಳ ಗುಂಪು.

ಪಂಪಿನಲ್ಲಿ ಇನ್ನೆರಡು ಕಾವಲುಗಾರರಿದ್ದಾರೆ. ಎಂಜಿನ್ ಜೋರಾಗಿ ಓಡುವಾಗ ಪಂಪು ಬೇಕಿದ್ದಕ್ಕಿಂತ ಹೆಚ್ಚು ಎಣ್ಣೆ ತಳ್ಳುತ್ತದೆ. ಆ ಹೆಚ್ಚಿನದನ್ನು ಒಳಗೊಳಗೇ ಹಿಂದಕ್ಕೆ ತಿರುಗಿಸುವುದು ಒಂದು ಸರಿಯುವ ವಾಲ್ವು. ಇಲ್ಲದಿದ್ದರೆ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಸ್ಟೀರಿಂಗ್ ಬೆಣ್ಣೆಯಂತೆ ಹಗುರಾಗಿ ಗಾಡಿ ತೇಲತೊಡಗುತ್ತದೆ. ಒತ್ತಡ ಮಿತಿ ದಾಟಿದಾಗ ಬಾಗಿಲು ತೆರೆಯುವುದು ಎರಡನೆಯ ವಾಲ್ವು. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಾಗೇ ಹಿಡಿದಾಗ ಬರುವ ‘ಸ್ಸ್’ ಸದ್ದು ಅದರದ್ದು. ಹಾಗೆ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಎಣ್ಣೆ ಪಂಪಿನೊಳಗೇ ಗಿರಗಿರ ಸುತ್ತಿ ಕುದಿಯುತ್ತದೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಕಡೆಯಲ್ಲಂತೂ ಇದು ನೆನಪಿರಲಿ.

ಸದ್ದಿಗೊಂದು ನಿಘಂಟು

ಎಲ್ಲ ಕೂಗೂ ಒಂದೇ ಅಲ್ಲ. ಗಾಡಿ ಚಾಲೂ ಮಾಡಿದ ಕೂಡಲೇ, ಅಥವಾ ಪೂರ್ತಿ ತಿರುಗಿಸಿದಾಗ ‘ಕಿರ್ರ್’ ಎಂದು ಕಿವಿ ಚುಚ್ಚಿ, ಎರಡು ಕ್ಷಣದಲ್ಲಿ ನಿಂತರೆ ಅದು ಪಟ್ಟಾ ಜಾರಿದ ಸದ್ದು. ಎಂಜಿನ್ನಿನ ಓಟ ಏರಿದಂತೆ ತಾನೂ ಏರುವ ಸಪೂರ ‘ಗುಂಯ್’ ಗಾಳಿಯದ್ದು ಇಲ್ಲವೇ ಎಣ್ಣೆ ಕೊರತೆಯದ್ದು. ಸ್ಟೀರಿಂಗ್ ಮುಟ್ಟದಿದ್ದರೂ ಒಂದೇ ಸಮನೆ ‘ಗರಗರ’ ಎಂದರೆ ಬೇರಿಂಗ್. ನಿಂತಲ್ಲಿ ಬಿಗಿ, ಎಕ್ಸಲೇಟರ್ ಒತ್ತಿದರೆ ಸಲೀಸು ಎಂದಾದರೆ, ಪಟ್ಟಾ ಮತ್ತು ಎಣ್ಣೆ ಸರಿಯಿದ್ದ ಪಕ್ಷದಲ್ಲಿ, ಎಲೆಗಳು ಸವೆದಿವೆ. ಓಟ ಕಡಿಮೆಯಿದ್ದಾಗ ಸವೆದ ಪಂಪು ಒತ್ತಡ ಕಟ್ಟಲಾರದು.

ಇದಕ್ಕೊಂದು ಗಟ್ಟಿ ಪರೀಕ್ಷೆಯೂ ಇದೆ. ಪಂಪಿನಿಂದ ಹೊರಡುವ ಪೈಪಿನ ನಡುವೆ ಒಂದು ಒತ್ತಡದ ಮೀಟರು, ಅದರಾಚೆ ಒಂದು ನಲ್ಲಿ ಕೂಡಿಸುತ್ತಾರೆ. ಎಂಜಿನ್ ಓಡುವಾಗ ನಲ್ಲಿಯನ್ನು ಮುಚ್ಚಿ, ಮೀಟರ್ ಓದಿ, ಐದು ಎಣಿಸುವಷ್ಟರಲ್ಲಿ ತೆರೆಯಬೇಕು. ನಲ್ಲಿ ಮುಚ್ಚಿದಾಗ ಮುಳ್ಳು ಇರಬೇಕಾದಲ್ಲಿಗೆ ಏರಿದರೆ ಪಂಪು ನಿರಪರಾಧಿ, ದೋಷ ಮುಂದಿನ ಗೇರಿನಲ್ಲಿದೆ. ಏರದಿದ್ದರೆ ಪಂಪನ್ನು ಬಿಚ್ಚಬಹುದು. ಈ ಪರೀಕ್ಷೆಯನ್ನು ಕೈಬಿಟ್ಟು ಹೊಸ ಪಂಪು ಕೊಂಡವರ ಹಣ ಎಷ್ಟೋ ಸಲ ಗುಜರಿಯ ತೂಕಕ್ಕೆ ಇಳಿದಿದೆ.

ಹನಿ ಬೀಳದ ಸೋರಿಕೆ

ನನ್ನ ಗಾಡಿಯಡಿಯಲ್ಲಿ ಎಣ್ಣೆಯ ಕಲೆಗಳಿದ್ದವು, ಆದರೆ ಅವು ಪಂಪಿನ ಮುಂದಿನ ಸೀಲಿನಿಂದ ಬಿದ್ದವು. ಉಸ್ತಾದರ ಕಣ್ಣು ಅದರ ಮೇಲಿರಲಿಲ್ಲ. ಡಬ್ಬಿಯಿಂದ ಪಂಪಿಗೆ ಇಳಿಯುವ ಬೆರಳು ದಪ್ಪದ ಸಣ್ಣ ರಬ್ಬರ್ ಪೈಪನ್ನು ಅವರು ಎರಡು ಬೆರಳಲ್ಲಿ ಹಿಸುಕಿದರು. ಅದು ಮಣಿಯಲಿಲ್ಲ, ಒಣ ಕೊಬ್ಬರಿಯಂತೆ ಗಟ್ಟಿಯಾಗಿತ್ತು. ಕ್ಲಿಪ್ಪಿನ ಹತ್ತಿರ ಕೂದಲೆಳೆಯಷ್ಟು ಸೀಳು.

“ಇಲ್ಲಿಂದ ಎಣ್ಣಿ ಹೊರಗ ಬರಂಗಿಲ್ಲ ಸರ್. ಗಾಳಿ ಒಳಗ ಹೋಗ್ತದ.”

ಬಹಳ ಜನ ಮಿಸ್ತ್ರಿಗಳೂ ತಪ್ಪುವ ಜಾಗ ಇದು. ಪಂಪಿನಿಂದ ಆಚೆಗಿರುವ ಪೈಪು ಒಡೆದರೆ ಎಣ್ಣೆ ಚಿಮ್ಮುತ್ತದೆ, ಕುರುಡನಿಗೂ ಗೊತ್ತಾಗುತ್ತದೆ. ಈಚೆಗಿರುವ ಹೀರುವ ಪೈಪಿನಲ್ಲಿ ಒತ್ತಡವಿಲ್ಲ, ಎಳೆತವಿದೆ. ಅಲ್ಲಿ ಸೀಳು ಬಿದ್ದರೆ ಹೊರಗೆ ಹನಿಯೂ ಕಾಣದೆ ಗಾಳಿ ಸದ್ದಿಲ್ಲದೆ ಒಳಸೇರುತ್ತದೆ. ಎಣ್ಣೆ ನೊರೆಯಾಗುತ್ತದೆ. ನೊರೆ ಎಲೆಗಳನ್ನು ತಿನ್ನುತ್ತದೆ. ತಿಂದ ಪುಡಿ ಎಣ್ಣೆಯಲ್ಲಿ ಸುತ್ತಿ ಸೀಲಿನ ತುಟಿಯನ್ನು ಗೀರುತ್ತದೆ. ಸೀಲು ಸೋರಿ ಎಣ್ಣೆ ಇಳಿಯುತ್ತದೆ, ಎಣ್ಣೆ ಇಳಿದಂತೆ ಇನ್ನಷ್ಟು ಗಾಳಿ. ನಾಲ್ಕು ತಿಂಗಳು ನಾನು ಮೇಲಿಂದ ಸುರಿದ ಎಣ್ಣೆ ಈ ಸುತ್ತನ್ನು ನಡೆಸಿಕೊಂಡು ಹೋಗಲು ಕೊಟ್ಟ ಮೇವು. ನೊರೆ ಕಳ್ಳ, ಮಿಂಚು ಕಳವು ಎಂದದ್ದು ಆಗ ಅರ್ಥವಾಯಿತು.

ಪಂಪು ಕೆಟ್ಟಿದ್ದು ನಿಜ. ಆದರೆ ಕೆಡಿಸಿದ್ದು ಅಂಗೈ ಉದ್ದದ ರಬ್ಬರ್ ತುಂಡು. ಹುಮನಾಬಾದಿನ ಚಹದಂಗಡಿಯವರ ಮಾತು ಕೇಳಿ ಹೊಸ ಪಂಪು ಹಾಕಿಸಿದ್ದರೆ, ಅದೇ ಪೈಪು ಅದನ್ನೂ ತಿನ್ನುತ್ತಿತ್ತು. ಆಗ ನಾನು “ಈಗಿನ ಮಾಲಿನಲ್ಲಿ ದಮ್ಮಿಲ್ಲ” ಎಂದು ಹೊಸ ಪಂಪಿಗೇ ಬೈದುಕೊಂಡು ತಿರುಗುತ್ತಿದ್ದೆ.

ಹೆಸರು ಸತ್ತರೂ ಅಳತೆ ಸಾಯದು

ಬಿಚ್ಚುವ ಕೆಲಸ ನೋಡಲು ಸುಲಭ, ಮಾಡಲು ತಾಳ್ಮೆ ಬೇಕು. ಪುಲ್ಲಿಯನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಬಾರದು. ಪೆಟ್ಟು ಶಾಫ್ಟಿನ ಮೂಲಕ ಎಲೆಗಳಿಗೂ ಬೇರಿಂಗಿಗೂ ಹೋಗುತ್ತದೆ. ಅದಕ್ಕೆ ಪುಲ್ಲರ್ ಇದೆ. ಪಂಪನ್ನು ಸೀಮೆಎಣ್ಣೆಯಲ್ಲಿ ಮೇಲಿಂದ ತೊಳೆದು, ಒರೆಸಿ, ಆಮೇಲೆ ಬಿಚ್ಚಬೇಕು. ಹೊರಗಿನ ಕೆಂಪು ಮಣ್ಣಿನ ಒಂದು ಕಣ ಒಳಗೆ ಬಿದ್ದರೂ ಅದು ಮರಳು ಕಾಗದದ ಕೆಲಸ ಮಾಡುತ್ತದೆ. ಉಸ್ತಾದರ ಹುಡುಗ ಒಂದು ಹಳೆಯ ಪತ್ರಿಕೆ ಹಾಸಿ, ಬಿಚ್ಚಿದ ಒಂದೊಂದು ತುಂಡನ್ನೂ ಬಿಚ್ಚಿದ ಸಾಲಿನಲ್ಲೇ ಇಟ್ಟ. ಎಲೆಗಳನ್ನಂತೂ ಯಾವ ಸೀಳಿನದ್ದು ಯಾವುದು ಎಂದು ಎಣಿಸಿ ಜೋಡಿಸಿದ. ಎಲೆಯ ಒಂದು ತುದಿ ದುಂಡಗೆ ಇರುತ್ತದೆ. ಆ ದುಂಡು ತುದಿ ಬಳೆಯ ಕಡೆಗೆ, ಹೊರಮುಖವಾಗಿಯೇ ಕೂರಬೇಕು. ತಿರುವು ಮುರುವಾದರೆ ಚೂಪು ಅಂಚು ಬಳೆಯನ್ನು ಕೆತ್ತುತ್ತದೆ.

ಆಮೇಲೆ ಉಗುರಿನ ಪರೀಕ್ಷೆ. ಬಳೆಯ ಒಳಗೋಡೆಯ ಮೇಲೆ ಉಗುರು ಎಳೆದರೆ ಗೀರು ತಾಕಬಾರದು. ಕಣ್ಣಿಗೆ ಕಾಣುವ, ಉಗುರಿಗೆ ತಾಕದ ಗೆರೆಗಳಾದರೆ ನಡೆಯುತ್ತದೆ. ಉಗುರು ಸಿಕ್ಕಿಹಾಕಿಕೊಂಡರೆ ಪಂಪಿನ ಆಯುಸ್ಸು ಮುಗಿಯಿತು. ನನ್ನದರಲ್ಲಿ ಉಗುರು ಜಾರಿತು. ಸರಿಯುವ ವಾಲ್ವು ಮಾತ್ರ ಅಂಟಿಕೊಂಡಿತ್ತು. ಅದನ್ನು ಅತಿ ನುಣುಪಾದ ಎಮರಿ ಕಾಗದಕ್ಕೆ ಸೀಮೆಎಣ್ಣೆ ಹಚ್ಚಿ, ಸುತ್ತು ಸುತ್ತಾಗಿ, ಕೊಳೆ ಹೋಗುವಷ್ಟು ಮಾತ್ರ ಉಜ್ಜಿದರು. ಕೊಳವೆಯಲ್ಲಿ ಬಿಟ್ಟರೆ ಅದು ತನ್ನ ಭಾರಕ್ಕೇ ಜಾರಿ ಕೆಳಗಿಳಿಯಬೇಕು. ಅದಕ್ಕಿಂತ ಹೆಚ್ಚು ಉಜ್ಜಿದರೆ ಸಡಿಲಾಗಿ ಒತ್ತಡ ಸೋರುತ್ತದೆ.

ಈಗ ನನ್ನ ದೊಡ್ಡ ಪ್ರಶ್ನೆ. ಯಾವ ಗಾಡಿಯ ಪಂಪು ಎಂಬುದೇ ಗೊತ್ತಿಲ್ಲದಿರುವಾಗ ಸೀಲು, ಬೇರಿಂಗು ಏನೆಂದು ಕೇಳಿ ತರುವುದು? ಉಸ್ತಾದರು ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದರು. ಸೀಲಿನ ಒಳಗಿನ ಅಡ್ಡಳತೆ, ಹೊರಗಿನ ಅಡ್ಡಳತೆ, ದಪ್ಪ ಎಂದು ಮೂರು ಅಂಕಿಗಳನ್ನು ಸಿಗರೇಟು ಪ್ಯಾಕಿನ ಮೇಲೆ ಬರೆದರು. ಬೇರಿಂಗಿನ ಅಂಚನ್ನು ಒರೆಸಿದಾಗ ಅಲ್ಲೇ ಕೊರೆದ ಸಂಖ್ಯೆ ಕಂಡಿತು, 6203. ಆ ಸಂಖ್ಯೆ ಜಗತ್ತಿನ ಯಾವ ದೇಶದಲ್ಲಿ ಹೇಳಿದರೂ ಸಿಗುವುದು ಒಂದೇ ಅಳತೆ. ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರ್. ಕಾಂಟೆಸ್ಸಾ ಮಾಡಿದ ಕಂಪನಿ ಮಾಡುವುದನ್ನು ನಿಲ್ಲಿಸಬಹುದು, 6203 ನಿಲ್ಲುವುದಿಲ್ಲ. ಅದೇ ಬೇರಿಂಗು ಸಣ್ಣ ಮೋಟಾರುಗಳಲ್ಲೂ ತಿರುಗುತ್ತಿರುತ್ತದೆ. ಹುಡುಗ ಸೈಕಲ್ ಮೋಟಾರು ಹತ್ತಿ ಹೋಗಿ ಅರ್ಧ ಗಂಟೆಯಲ್ಲಿ ಎರಡನ್ನೂ ತಂದ. ಅಂಗಡಿಯವನು ಗಾಡಿಯ ಹೆಸರೇ ಕೇಳಲಿಲ್ಲವಂತೆ.

ಹಳೆಯ ಗಾಡಿ ಇಟ್ಟುಕೊಂಡವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ. ಸೀಲು, ಓ-ರಿಂಗ್, ಬೇರಿಂಗು, ಪಟ್ಟಾ ಇವು ಯಾವ ಕಂಪನಿಯ ಸ್ವತ್ತೂ ಅಲ್ಲ, ಅಳತೆಯ ಸ್ವತ್ತು. ಒತ್ತಡದ ಪೈಪೂ ಅಷ್ಟೆ. ಜೆಸಿಬಿಗಳಿಗೆ ಪೈಪು ಮಾಡಿಕೊಡುವ ಹೈಡ್ರಾಲಿಕ್ ಅಂಗಡಿಗೆ ಹಳೆಯ ಪೈಪನ್ನು ಒಯ್ದರೆ, ಒಳಗೆ ಉಕ್ಕಿನ ತಂತಿ ಹೆಣೆದ ಹೊಸ ಪೈಪಿಗೆ ಹಳೆಯದರ ಅಳತೆಯ ತುದಿಗಳನ್ನು ಯಂತ್ರದಿಂದ ಒತ್ತಿ ಕೂಡಿಸಿಕೊಡುತ್ತಾರೆ. ಆದರೆ ಈ ಪೈಪಿನ ಜಾಗಕ್ಕೆ ಪೆಟ್ರೋಲು ಪೈಪನ್ನು ಕ್ಲಿಪ್ಪು ಹಾಕಿ ಬಿಗಿದರೆ, ಮೊದಲ ತಿರುವಿನಲ್ಲೇ ಕುದಿಯುವ ಎಣ್ಣೆ ಬಿಸಿ ಎಂಜಿನ್ನಿನ ಮೇಲೆ ಚಿಮ್ಮಿ ಬೆಂಕಿ ಹತ್ತಬಹುದು. ಹೀರುವ ಪೈಪಿಗೆ ಒತ್ತಡ ತಾಳುವ ಶಕ್ತಿ ಬೇಡ, ಎಣ್ಣೆ ತಾಳುವ ರಬ್ಬರು ಬೇಕು. ರೇಡಿಯೇಟರಿನ ನೀರಿನ ಪೈಪು ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ.

ಎಣ್ಣೆಯ ವಿಷಯದಲ್ಲೂ ಒಂದು ಎಚ್ಚರಿಕೆ. ‘ಎಣ್ಣೆ ಎಣ್ಣೆಯೇ’ ಎಂದು ಬ್ರೇಕ್ ಆಯಿಲ್ ಸುರಿದರೆ ಪವರ್ ಸ್ಟೀರಿಂಗಿನ ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಹಳೆಯ ಗಾಡಿಗಳ ಬಹುಪಾಲು ಪಂಪುಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಣ್ಣೆಯೇ ಸರಿ. ಯಾವುದು ಎಂಬುದು ಗಾಡಿಯ ಪುಸ್ತಕದಲ್ಲೋ ಡಬ್ಬಿಯ ಮುಚ್ಚಳದ ಮೇಲೋ ಇರುತ್ತದೆ.

ಗಾಳಿ ಬಿಡಿಸುವ ಶಾಸ್ತ್ರ

ಪಂಪು ಕೂಡಿಸುವ ಮೊದಲು ಹಳೆಯ ಎಣ್ಣೆಯನ್ನೆಲ್ಲ ಇಳಿಸಿ, ಮರಳುವ ಪೈಪನ್ನು ಬಾಟಲಿಗೆ ಬಿಟ್ಟು, ಹೊಸ ಎಣ್ಣೆ ಹಾಯಿಸಿ ತೊಳೆದರು. ಗೇರಿನಲ್ಲಿ, ಪೈಪಿನಲ್ಲಿ ಉಳಿದ ಕಬ್ಬಿಣದ ಪುಡಿ ಹೋಗದಿದ್ದರೆ ಮಾಡಿದ್ದೆಲ್ಲ ಮಣ್ಣು. ಇಳಿಸಿದ ಎಣ್ಣೆಯನ್ನು ನೆಲಕ್ಕೆ ಚೆಲ್ಲದೆ ಡ್ರಮ್ಮಿಗೆ ಹಾಕಿದ್ದು ನೋಡಿ ಸಮಾಧಾನವಾಯಿತು. ಹಳೆಯ ಎಣ್ಣೆ ಕೊಳ್ಳುವವರು ಬಂದು ಒಯ್ಯುತ್ತಾರಂತೆ.

ಕೊನೆಯ ಶಾಸ್ತ್ರ ಗಾಳಿ ಬಿಡಿಸುವುದು. ಇಲ್ಲಿ ಅವಸರ ಮಾಡಿದವನು ಕೆಟ್ಟ. ಮುಂದಿನ ಚಕ್ರಗಳು ನೆಲ ಬಿಟ್ಟಿರಬೇಕು, ಎಂಜಿನ್ ಬಂದ್ ಇರಬೇಕು. ಡಬ್ಬಿ ತುಂಬಿಸಿ, ಒಬ್ಬರು ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಹದಿನೈದು ಇಪ್ಪತ್ತು ಸಲ ತಿರುಗಿಸಬೇಕು. ಇನ್ನೊಬ್ಬರು ಡಬ್ಬಿ ನೋಡುತ್ತ, ಗುಳ್ಳೆ ಎದ್ದು ಎಣ್ಣೆ ಇಳಿದಂತೆಲ್ಲ ತುಂಬಿಸುತ್ತಿರಬೇಕು. ಗುಳ್ಳೆ ನಿಂತ ಮೇಲಷ್ಟೇ ಎಂಜಿನ್ ಚಾಲೂ. ಮತ್ತೆ ನಾಲ್ಕಾರು ಸಲ ಮೆಲ್ಲಗೆ ತಿರುಗಿಸಿ, ಕೊನೆಯಲ್ಲಿ ಒತ್ತಿ ಹಿಡಿಯದೆ, ಬಂದ್ ಮಾಡಿ ನೋಡಬೇಕು. ಎಂಜಿನ್ ನಿಲ್ಲಿಸಿದ ಕೂಡಲೇ ಡಬ್ಬಿಯ ಎಣ್ಣೆ ಮೇಲಕ್ಕೆ ಉಕ್ಕಿದರೆ ಒಳಗೆ ಇನ್ನೂ ಗಾಳಿ ಇದೆ ಎಂದೇ ಅರ್ಥ. ಎಣ್ಣೆಯನ್ನು ಹಿಂಡಲಾಗದು, ಗಾಳಿಯನ್ನು ಹಿಂಡಬಹುದು. ಒತ್ತಡ ಹೋದಾಗ ಹಿಗ್ಗುವುದು ಗಾಳಿಯೇ. ನಮ್ಮದು ಮೊದಲ ಸಲ ಉಕ್ಕಿತು. ಉಸ್ತಾದರು ಚಹ ತರಿಸಿದರು. ಅದು ಬರೀ ಅತಿಥಿ ಸತ್ಕಾರವಾಗಿರಲಿಲ್ಲ. ಎಣ್ಣೆ ಅರ್ಧ ಗಂಟೆ ಸುಮ್ಮನೆ ನಿಂತರೆ ಸಣ್ಣ ಗುಳ್ಳೆಗಳು ತಾವಾಗಿ ಮೇಲೆ ಬರುತ್ತವೆ. ಎರಡನೆಯ ಸಲ ಉಕ್ಕಲಿಲ್ಲ.

ಉಗುರು ಸಿಕ್ಕಿಹಾಕಿಕೊಂಡಿದ್ದರೆ ಏನು ಮಾಡುತ್ತಿದ್ದಿರಿ ಎಂದು ಚಹ ಕುಡಿಯುತ್ತ ಕೇಳಿದೆ. ಬೇರೆ ಗಾಡಿಯ ಪಂಪು ಹಾಕುತ್ತಿದ್ದೆ ಎಂದರು. ಜೀಪು, ಅಂಬಾಸಿಡರ್‌ಗಳಿಗೆ ಹಾಗೆ ಹಾಕಿದ್ದು ಎಷ್ಟೋ. ಆದರೆ ಅದಕ್ಕೆ ಮೂರು ಲೆಕ್ಕ ಕೂಡಬೇಕು. ಪಂಪು ತಿರುಗುವ ದಿಕ್ಕು ಎಂಜಿನ್ನಿನ ದಿಕ್ಕಿಗೆ ಹೊಂದಬೇಕು. ಪುಲ್ಲಿಗಳು ದಾರ ಹಿಡಿದು ನೋಡಿದರೆ ಒಂದೇ ಗೆರೆಯಲ್ಲಿರಬೇಕು, ಇಲ್ಲದಿದ್ದರೆ ಪಟ್ಟಾ ದಿನಕ್ಕೊಂದು. ಒತ್ತಡ ಗೇರು ತಾಳುವಷ್ಟೇ ಇರಬೇಕು. ಲಾರಿಯ ಪಂಪನ್ನು ಕಾರಿನ ರ್‍ಯಾಕಿಗೆ ಕೂಡಿಸಿದರೆ ಅದರ ಸೀಲುಗಳು ಚಿಂದಿ.

ಕಾಂಟೆಸ್ಸಾದಂಥ ಗಾಡಿಗಳದ್ದು ನಡುವಯಸ್ಸಿನ ಸಂಕಟ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಗಳಿಗೆ ಮಾತ್ರ ವಿಂಟೇಜ್ ಎಂಬ ಗೌರವ ಮತ್ತು ‘ವಿಎ’ ಅಕ್ಷರಗಳ ಬೇರೆ ಫಲಕ. ಮೊಟ್ಟಮೊದಲ ಕಾಂಟೆಸ್ಸಾ ಆ ವಯಸ್ಸು ಮುಟ್ಟಲು 2034 ಬರಬೇಕು. ಅಲ್ಲಿಯವರೆಗೆ ಅದು ಅತ್ತ ಪುರಾತನವೂ ಅಲ್ಲ, ಇತ್ತ ಬಿಡಿಭಾಗ ಸಿಗುವ ಹೊಸದೂ ಅಲ್ಲ. ಅಷ್ಟು ವರ್ಷ ಅದನ್ನು ದಾಟಿಸುವವರು ಬೇರಿಂಗಿನ ಅಂಚು ಒರೆಸಿ ಸಂಖ್ಯೆ ಓದುವ ಇಂಥ ಕೈಗಳೇ. ಉಸ್ತಾದರ ಬಳಿ ಕಲಿಯುತ್ತಿರುವ ಹುಡುಗ ಒಬ್ಬನೇ. ಹೊಸ ಕಾರುಗಳ ಸ್ಟೀರಿಂಗಿಗೆ ಎಣ್ಣೆಯೇ ಇಲ್ಲ, ಕರೆಂಟಿನ ಮೋಟಾರು. ಕೆಟ್ಟರೆ ಬಿಚ್ಚುವಂತಿಲ್ಲ, ಬದಲಿಸುವುದಷ್ಟೇ. ಲಾರಿಗಳಲ್ಲಿ ಎಣ್ಣೆಯ ಪಂಪು ಇನ್ನೂ ಇರುವುದರಿಂದ ಆ ಹುಡುಗನಿಗೆ ಕೆಲಸವಿದೆ, ಅವನಿಗೆ ಕೆಲಸವಿರುವುದರಿಂದ ನನ್ನಂಥವರಿಗೆ ಗಾಡಿಯಿದೆ.

ಸಂಜೆ ಹುಮನಾಬಾದಿನ ಕೂಡುರಸ್ತೆಯಲ್ಲಿ ಬೀದರಿನ ಕಡೆ ಹೊರಳಿದೆ. ಒಂದು ಕೈ ಸಾಕಾಯಿತು. ಚಹದಂಗಡಿಯ ಮುಂದೆ ಯಾರೂ ತಿರುಗಿ ನೋಡಲಿಲ್ಲ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಟಕ್, ಟಕ್ ಎಂದು ಇನ್ನೊಂದು ಸದ್ದು ಕೇಳತೊಡಗಿತು. ಗಾಬರಿಯಾಗಿ ಗಾಡಿ ಬದಿಗೆ ನಿಲ್ಲಿಸಿ ಉಸ್ತಾದರಿಗೆ ಫೋನ್ ಮಾಡಿದೆ. ಬಿಚ್ಚುವಾಗ ಏನಾದರೂ ಹೆಚ್ಚುಕಡಿಮೆ ಆಯಿತೇ ಎಂದು ಕೇಳಿದೆ.

“ಅದು ಹಿಂದಿನ ಶಾಕಪ್ ಸರ್. ನೀವು ಮುಂಜಾನಿ ಬರೋವಾಗೇ ಕೇಳಿತ್ತು ನನಗ,” ಎಂದರು. “ಪಂಪಿನ ಗದ್ದಲದಾಗ ನಿಮಗ ಕೇಳಿಸ್ತಿದ್ದಿಲ್ಲ ಅಷ್ಟೆ.”